ನೆಮ್ಮದಿಯ ವಿಭಾಗ

"ಆರು ಜನಕ್ಕೆ ಮೂರು, ಒಬ್ಬನಿಗೆ ಹತ್ತೊಂಬತ್ತು," ಎನ್ನುತ್ತ ಸೂಪರಿಂಟೆಂಡೆಂಟ್ ಸಾಹೇಬರು ಏಳು ಫಾರಂಗಳನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿದರು. "ಏನಮ್ಮಾ ಇದು? ಹಾಲಿನ ಪಾತ್ರೆಗೆ ಹುಳಿ ಹಿಂಡೋಕೆ ಅಂತಲೇ ಒಬ್ಬನನ್ನ ಇಟ್ಕೊಂಡಿದೀರಾ?"

ಹಿರಿಯ ಡಾಕ್ಟರಮ್ಮ ನಿಂತೇ ಇದ್ದರು. ಕೂತುಕೊಳ್ಳಿ ಎಂದು ಸಾಹೇಬರು ಹೇಳಿರಲಿಲ್ಲ. ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಕೆಳಗೆ ರೋಗಿಗಳ ಸಾಲು ಸೈಕಲ್ ಸ್ಟ್ಯಾಂಡ್ ಮುಟ್ಟಿತ್ತು. ಅಷ್ಟು ಜನರನ್ನು ಬಿಟ್ಟು, ಮೊಣಕಾಲು ನೋವು ನುಂಗಿಕೊಂಡು ಎರಡು ಮಹಡಿ ಹತ್ತಿ ಬಂದದ್ದು ಈ ದರಿದ್ರ ಫಾರಂ ನೋಡುವುದಕ್ಕೆ ಎಂದು ತಿಳಿದಾಗ ಅವರ ಮೈಯೆಲ್ಲ ಉರಿಯಿತು. ಆದರೆ ಇಪ್ಪತ್ತೆರಡು ವರ್ಷ ಸರ್ವೀಸು ಮಾಡಿದವರ ಮುಖದ ಮೇಲೆ ಉರಿ ಕಾಣಿಸುವುದಿಲ್ಲ. ಅದು ಹೊಟ್ಟೆಯೊಳಗೇ ಇದ್ದು, ಆಮೇಲೆ ಮನೆಯಲ್ಲಿ ಗಂಡನ ಮೇಲೋ ತಟ್ಟೆಯ ಮೇಲೋ ಇಳಿಯುತ್ತದೆ.

ಆಗಿದ್ದು ಇಷ್ಟೇ. ಹುಚ್ಚು ಬಿಡಿಸುವ ಡಾಕ್ಟರುಗಳಿಗೂ ಸುಸ್ತಾಗುತ್ತದೆ ಎಂಬ ಜ್ಞಾನೋದಯ ಮೇಲಿನವರಿಗೆ ಎಲ್ಲಿಂದಲೋ ಆಗಿತ್ತು. ಆಗಿದ್ದು ಒಳ್ಳೆಯದೇ. ವಿಭಾಗದಲ್ಲಿ ಒಂಬತ್ತು ಹುದ್ದೆಗಳಿದ್ದು ನಾಲ್ಕು ವರ್ಷದಿಂದ ಎರಡು ಖಾಲಿ ಬಿದ್ದಿದ್ದವು, ಅವನ್ನು ತುಂಬಿದ್ದರೆ ಅರ್ಧ ಸುಸ್ತು ಅಲ್ಲೇ ಇಳಿಯುತ್ತಿತ್ತು. ಅದು ಬಿಟ್ಟು ಇವರು ಮಾಡಿದ್ದು 'ಮನೋವೈದ್ಯರ ನೆಮ್ಮದಿ ಮತ್ತು ವೃತ್ತಿ ತೃಪ್ತಿ ಯೋಜನೆ'. ಒಂದು ಇಡೀ ದಿನ ಏಳೂ ಜನರನ್ನು ಸಭಾಂಗಣದಲ್ಲಿ ಕೂಡಿಹಾಕಿ, ಎಲ್ಲಿಂದಲೋ ಬಂದ ನಗುಮುಖದ ಹೆಂಗಸೊಬ್ಬಳು ಉಸಿರು ಎಳೆದುಕೊಳ್ಳಿ, ಬಿಡಿ, ನಿಮ್ಮ ದಣಿವಿಗೆ ಯಾವ ಬಣ್ಣ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ ಎಂದಳು. ಅವತ್ತು ನೋಡದೆ ಬಿಟ್ಟ ರೋಗಿಗಳೆಲ್ಲ ಮಾರನೆಯ ದಿನದ ರೋಗಿಗಳ ಜೊತೆ ಸೇರಿ ಬಂದರು. ದಣಿವಿನ ಬಣ್ಣ ಅವತ್ತು ಚೆನ್ನಾಗಿ ಗೊತ್ತಾಯಿತು.

ಕಡೆಯಲ್ಲಿ ಕೊಟ್ಟದ್ದು ಈ ಫಾರಂ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಊಟ ಸೇರಿತೇ, ಯಾವುದರಲ್ಲೂ ಮನಸ್ಸಿಲ್ಲ ಅನ್ನಿಸಿತೇ, ಹೀಗೆ. ಅಂಕ ಹೆಚ್ಚಿದಷ್ಟೂ ಮನಸ್ಸು ಕುಸಿದಿದೆ ಎಂದು ಲೆಕ್ಕ. ಹೆಸರು ಬರೆಯಬೇಡಿ, ಗೌಪ್ಯವಾಗಿರುತ್ತದೆ ಎಂದು ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಅದರ ಕೆಳಗೇ ವಯಸ್ಸು, ಗಂಡಸೋ ಹೆಂಗಸೋ, ಎಷ್ಟು ವರ್ಷದ ಸೇವೆ ಎಂದು ಕೇಳಿದ್ದರು. ಏಳು ಜನರಲ್ಲಿ ಎರಡು ವರ್ಷದ ಸೇವೆಯವನು ಒಬ್ಬನೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಿತ್ತು ಈ ಗೌಪ್ಯ.

ಆ ಫಾರಂ ಈ ಏಳು ಜನಕ್ಕೆ ಹೊಸದೇ? ದಿನಕ್ಕೆ ನಲವತ್ತು ರೋಗಿಗಳಿಗೆ ಅದೇ ಪ್ರಶ್ನೆ ಕೇಳಿ ಕೇಳಿ ನಾಲಿಗೆ ಸವೆಸಿದವರು. ಯಾವ ಪ್ರಶ್ನೆಗೆ ಏನು ಹಾಕಿದರೆ ಎಷ್ಟಕ್ಕೆ ನಿಲ್ಲುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು. ಟೀ ಕುಡಿಯುವ ಕೋಣೆಯಲ್ಲಿ ಎಲ್ಲರೂ ಪೆನ್ನು ಹಿಡಿದು ಕೂತಾಗ ಡಾಕ್ಟರಮ್ಮನೇ ಪಾಠ ಹೇಳಿಕೊಟ್ಟಿದ್ದರು. ಎಲ್ಲ ಸೊನ್ನೆ ಹಾಕಬೇಡಿ, ಎಲ್ಲ ಸೊನ್ನೆ ಹಾಕಿದವನು ಸುಳ್ಳ ಅಂತ ನಾವೇ ಹುಡುಗರಿಗೆ ಪಾಠ ಮಾಡುತ್ತೇವೆ. ನಿದ್ದೆಗೊಂದು, ಸುಸ್ತಿಗೊಂದು, ಗಮನಕ್ಕೊಂದು, ಒಟ್ಟು ಮೂರು, ಏಳಿ ಇನ್ನು. ನಿಜ ಬರೆದರೆ ಅದು ಹೋಗಿ ಕೂರುವುದು ಸೇವಾ ಕಡತದಲ್ಲಿ. ಮನಸ್ಸು ಕೆಟ್ಟವನ ಹತ್ತಿರ ಮನಸ್ಸು ತೋರಿಸಲು ಯಾರು ಬರುತ್ತಾರೆ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಯಾರೋ ಗೊಣಗಿದರು, ಎಲ್ಲರೂ ನಕ್ಕರು, ಎಲ್ಲರೂ ಮೂರು ಹಾಕಿದರು. ಎಲ್ಲರಿಗಿಂತ ಕಿರಿಯವನು ಮಾತ್ರ ಪೆನ್ನು ಎತ್ತಿಕೊಂಡು, "ಒಂಬತ್ತನೇದಕ್ಕೆ ಏನು ಹಾಕ್ಲಿ ಮೇಡಂ?" ಎಂದು ಕೇಳಿದ್ದ. ಒಂಬತ್ತನೆಯ ಪ್ರಶ್ನೆ, ಸತ್ತರೇ ವಾಸಿ ಅನ್ನಿಸಿತ್ತೇ ಎಂಬುದು. "ಸೊನ್ನೆ ಕಣಪ್ಪಾ. ಅದಕ್ಕೆ ಇನ್ನೇನು ಹಾಕ್ತಾರೆ?" ಎಂದು ಡಾಕ್ಟರಮ್ಮ ಕಪ್ಪು ತೊಳೆಯಲು ಎದ್ದಿದ್ದರು.

ಈಗ ನೋಡಿದರೆ ಆ ಮಹಾನುಭಾವ ಹತ್ತೊಂಬತ್ತು ಹಾಕಿದ್ದ. ಒಂಬತ್ತನೆಯದಕ್ಕೆ ಎರಡು. ಡಾಕ್ಟರಮ್ಮನ ಕಣ್ಣು ಆ ಎರಡರ ಮೇಲೆ ಒಂದು ಗಳಿಗೆ ನಿಂತಿತು, ಆಮೇಲೆ ಸರಿಯಿತು. ನಾಟಕ, ಅಂದುಕೊಂಡರು. ನಿಜವಾಗಿ ಅನ್ನಿಸಿದವನು ಆಫೀಸಿನ ಫಾರಂ ಮೇಲೆ ಬರೆದುಕೊಂಡು ಕೂರುತ್ತಾನೆಯೇ? ಇದೇ ಮಾತನ್ನು ಯಾವನಾದರೂ ವಿದ್ಯಾರ್ಥಿ ಆಡಿದ್ದರೆ ಅವರು ಅವನನ್ನು ವಾರ್ಡಿನಿಂದ ಆಚೆಗೆ ಅಟ್ಟುತ್ತಿದ್ದರು.

ಸಾಹೇಬರು ಮೂಲತಃ ಮೂಳೆ ಡಾಕ್ಟರು. ಮುರಿದದ್ದು ಎಕ್ಸ್‌ರೇಯಲ್ಲಿ ಕಾಣದಿದ್ದರೆ ಅವರ ಪಾಲಿಗೆ ಮುರಿದೇ ಇಲ್ಲ. ಸೋಮವಾರ ಮೇಲಿನಿಂದ ತಂಡ ಬರುತ್ತದೆ, ಸರಾಸರಿ ಐದಕ್ಕಿಂತ ಕಡಿಮೆಯಿದ್ದರೆ 'ನೆಮ್ಮದಿಯ ವಿಭಾಗ' ಎಂಬ ಫಲಕ ಕೊಡುತ್ತಾರೆ, ಈ ಒಬ್ಬನಿಂದ ಸರಾಸರಿ ಐದು ದಾಟಿ ಕೂತಿದೆ ಎಂದರು. ಫಲಕ ತೂಗುಹಾಕುವುದಕ್ಕೆ ಗೋಡೆಗೆ ಮೊಳೆ ಆಗಲೇ ಹೊಡೆಸಿದ್ದರು. ಆಮೇಲೆ ಖಾಲಿ ಫಾರಂ ಒಂದನ್ನು ಮುಂದಕ್ಕೆ ತಳ್ಳಿದರು.

"ಇವತ್ತೇ ತುಂಬಿಸಿ ಕೊಡಿ. ಮುಂದಿನ ತಿಂಗಳು ನಿಮ್ಮ ಮುಖ್ಯಸ್ಥರ ಕುರ್ಚಿ ಖಾಲಿಯಾಗುತ್ತೆ, ನಿಮ್ಮ ಹೆಸರೇ ಮೊದಲಿದೆ. ಆರು ಜನರನ್ನ ಸಂಭಾಳಿಸೋಕೆ ಬರದವರು ಅಂತ ನಾನು ಬರೆಯೋ ಹಾಗೆ ಮಾಡ್ಬೇಡಿ."

ಆ ಕುರ್ಚಿ ಎರಡು ಸಲ ಕೈಗೆ ಬಂದು ಬಾಯಿಗೆ ಬಂದಿರಲಿಲ್ಲ. ಎರಡು ಸಲವೂ ತನಗಿಂತ ಕಿರಿಯ ಗಂಡಸರು ಹತ್ತಿ ಕೂತಿದ್ದರು. ಡಾಕ್ಟರಮ್ಮ ಫಾರಂ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಇಳಿಯುತ್ತ ಬೈದುಕೊಂಡದ್ದು ಸಾಹೇಬರನ್ನಲ್ಲ, ಆ ಹುಡುಗನನ್ನು.

ಅವನಿಗೆ ನರ್ಸುಗಳು ಇಟ್ಟ ಹೆಸರು 'ನಿಧಾನಿ'. ಒಬ್ಬ ರೋಗಿಗೆ ಅರ್ಧ ಗಂಟೆ. ಅತ್ತೆ ಏನಂದಳು, ಮಾವ ಏನಂದ, ಅದಕ್ಕೆ ನಿನಗೇನು ಅನ್ನಿಸಿತು, ಕಥೆ ಮುಗಿಯುವುದೇ ಇಲ್ಲ. ಅಷ್ಟರಲ್ಲಿ ಅವನ ಸಾಲು ಬೆಳೆದು, ಅಟೆಂಡರ್ ಅದನ್ನು ಒಡೆದು ಮಿಕ್ಕವರ ಕೋಣೆಗೆ ಹಂಚುತ್ತಿದ್ದ. ಪುಣ್ಯವೆಲ್ಲ ಅವನಿಗೆ, ಕತ್ತೆ ಚಾಕರಿ ಎಲ್ಲ ಇವರಿಗೆ. ಡಾಕ್ಟರಮ್ಮ ಮೂರು ನಿಮಿಷಕ್ಕೊಬ್ಬರನ್ನು ನೋಡಿ ಕಳಿಸುತ್ತಿದ್ದರು. ಆ ಮೂರು ನಿಮಿಷದಲ್ಲೇ ಏನು ಬೇಕೋ ಅದು ಗೊತ್ತಾಗುತ್ತದೆ, ಅನುಭವ ಅನ್ನುವುದು ಮತ್ತೆ ಯಾಕಿದೆ ಎಂದು ಅವರ ವಾದ.

ಎರಡು ವಾರದಿಂದ ಅವನು ಇನ್ನೊಂದು ಚಾಳಿ ಹಚ್ಚಿಕೊಂಡಿದ್ದ. ಅವನ ಹಳೆಯ ರೋಗಿಗಳು ಒಬ್ಬೊಬ್ಬರೇ ಕೈಯಲ್ಲಿ ಚೀಟಿ ಹಿಡಿದು ಡಾಕ್ಟರಮ್ಮನ ಕೋಣೆಗೆ ಬರತೊಡಗಿದ್ದರು. ಚೀಟಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರ. 'ಇವರು ಇನ್ನು ಮುಂದೆ ನಿಮ್ಮ ಹತ್ತಿರ ಬರುತ್ತಾರೆ. ಮಾತ್ರೆ ಹೊಂದಿದೆ, ಬದಲಿಸಬೇಡಿ. ಮಗನ ಸುದ್ದಿ ನೀವಾಗಿ ಎತ್ತಬೇಡಿ, ಅವರೇ ಎತ್ತುತ್ತಾರೆ.' ಮಿಕ್ಕ ಡಾಕ್ಟರುಗಳಿಗೂ ಇಂಥವೇ ಚೀಟಿ. ಮೈಗಳ್ಳನಿಗೆ ಮೂರು ದಾರಿ, ಈಗ ರೋಗಿಗಳನ್ನೇ ಸಾಗಹಾಕುತ್ತಿದ್ದಾನೆ ಎಂದು ಟೀ ಕೋಣೆಯಲ್ಲಿ ತೀರ್ಪಾಗಿತ್ತು. ತೀರ್ಪು ಕೊಟ್ಟವರೂ ಡಾಕ್ಟರಮ್ಮನೇ.

ಅವನ ಕೋಣೆ ಡಾಕ್ಟರಮ್ಮನ ಕೋಣೆಗೆ ಅಂಟಿಕೊಂಡೇ ಇತ್ತು, ಎಲ್ಲ ಕೋಣೆಗಳ ನಡುವೆಯೂ ಬರೀ ಪ್ಲೈವುಡ್ ಗೋಡೆ. ಅವರು ಬಾಗಿಲು ತಟ್ಟದೆ ನುಗ್ಗಿದರು. ಒಳಗೊಬ್ಬಳು ಮುದುಕಿ ಏನನ್ನೋ ಹೇಳುತ್ತಿದ್ದಳು. ನಿಧಾನಿ ಅವಳ ಮುಖದಿಂದ ಕಣ್ಣು ತೆಗೆಯದೆ, ಡಾಕ್ಟರಮ್ಮನಿಗೆ ಒಂದು ನಿಮಿಷ ಎಂಬಂತೆ ಬೆರಳು ತೋರಿಸಿದ. ಅವನ ಗುರುವಿಗೆ! ಒಂದು ನಿಮಿಷ ಹನ್ನೊಂದು ನಿಮಿಷವಾಯಿತು. ಹೊರಗೆ ಯಾರೋ ಬಾಗಿಲು ಬಡಿದರು, ಅಟೆಂಡರ್ ಯಾರ ಮೇಲೋ ಕೂಗಾಡಿದ. ಕೊನೆಗೆ ಮುದುಕಿ ಎದ್ದು, ಅವನು ಕೊಟ್ಟ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಹೋದಳು.

ಡಾಕ್ಟರಮ್ಮ ರೋಗಿಯ ಕುರ್ಚಿಯಲ್ಲೇ ಕುಕ್ಕರಿಸಿ, ಫಾರಂ ಬಿಡಿಸಿ ಮೇಜಿನ ಮೇಲೆ ಹಾಸಿದರು. ಇಪ್ಪತ್ತೆರಡು ವರ್ಷದ ಸರ್ವೀಸಿಗೆ ನೀನು ಕೊಟ್ಟ ಮರ್ಯಾದೆ ಇದು ಎಂದರು. ಎಲ್ಲರೂ ಒಂದು ದಾರಿ ಹಿಡಿದರೆ ನಿನ್ನದೇ ಒಂದು ದಾರಿಯೇ, ನಿಮಗಿಂತ ನಾನೇ ಪ್ರಾಮಾಣಿಕ ಅಂತ ತೋರಿಸಿಕೊಳ್ಳಬೇಕಿತ್ತೇ, ಇವತ್ತು ಸಾಹೇಬರ ಮುಂದೆ ನಾನು ಸ್ಕೂಲು ಹುಡುಗಿಯ ಹಾಗೆ ನಿಂತು ಬಂದೆ ಎಂದು ಒಂದೇ ಉಸಿರಿಗೆ ಅಂದರು. ಅವನು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಅದರಿಂದ ಅವರ ಸಿಟ್ಟು ಇನ್ನೂ ಏರಿತು.

"ತುಂಬು," ಎಂದರು.

"ನೀವೇ ತುಂಬ್ಕೊಳ್ಳಿ ಮೇಡಂ. ಉತ್ತರ ನಿಮಗೆ ಗೊತ್ತಲ್ಲ."

ಕೊಬ್ಬು ನೋಡು ಎಂದುಕೊಂಡು ಅವರೇ ಪೆನ್ನು ತೆಗೆದರು. ನಲವತ್ತು ರೋಗಿಗಳ ಮುಂದೆ ಓದುವ ಅದೇ ದನಿಯಲ್ಲಿ, ತಲೆ ಎತ್ತದೆ ಓದುತ್ತ ಹೋದರು. ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿದ್ದು? ಸೊನ್ನೆ. ಬೇಜಾರು, ಹತಾಶೆ? ಸೊನ್ನೆ. ನಿದ್ದೆ? ಒಂದು. ಸುಸ್ತು? ಒಂದು. ಊಟ? ಸೊನ್ನೆ. ತನ್ನ ಮೇಲೇ ಬೇಸರ? ಸೊನ್ನೆ. ಗಮನ? ಒಂದು. ಚಡಪಡಿಕೆ? ಸೊನ್ನೆ. ಸತ್ತರೇ ವಾಸಿ ಅನ್ನಿಸಿದ್ದು? ಪೆನ್ನು ಸೊನ್ನೆ ಸುತ್ತಲು ಹೊರಟಿತು. ಸುತ್ತುವ ಮೊದಲು, ಹಾಳು ಅಭ್ಯಾಸ, ರೋಗಿಯ ಫೈಲು ಮೇಜಿನ ಮೇಲೆ ಎಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕಿತು.

ಮೇಜಿನ ಮೇಲೆ ನಾಲ್ಕೇ ಫೈಲುಗಳಿದ್ದವು. ಗೋಡೆಗೆ ಒರಗಿದ್ದ ಕಬ್ಬಿಣದ ಕಪಾಟು ಬರಿದಾಗಿತ್ತು. ಇನ್ನೂರರ ಮೇಲೆ ಫೈಲುಗಳು ಒತ್ತೊತ್ತಾಗಿ ಕೂತು, ಬಾಗಿಲು ಹಾಕಲು ಬಿಡದಿದ್ದ ಕಪಾಟು ಅದು. ಈಗ ಅದನ್ನು ಯಾರೋ ಬಟ್ಟೆಯಿಂದ ಒರೆಸಿಟ್ಟಿದ್ದರು.

"ಫೈಲೆಲ್ಲ ಎಲ್ಲಿ?"

"ಹಂಚಿದೀನಿ."

"ಕೆಲಸ ಬಿಡ್ತಿದೀಯಾ?"

"ಇಲ್ಲ."

"ವರ್ಗ ಆಗಿದೆಯಾ?"

"ಇಲ್ಲ."

"ಮತ್ತೆ ಉದ್ದನೆ ರಜಾ?"

"ಇಲ್ಲ ಮೇಡಂ."

ಡಾಕ್ಟರಮ್ಮ ಆಗ ಅವನ ಮುಖ ನೋಡಿದರು. ಕೋಣೆಗೆ ಬಂದು ಕಾಲು ಗಂಟೆಯಾಗಿತ್ತು, ಅವನು ವಿಭಾಗಕ್ಕೆ ಬಂದು ಎರಡು ವರ್ಷವಾಗಿತ್ತು, ನೋಡಿದ್ದು ಆಗ. ಕೊರಳಪಟ್ಟಿ ಸಡಿಲವಾಗಿ, ಅಂಗಿಯೊಳಗೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಗಡ್ಡ ನೀಟಾಗಿ ತೆಗೆದಿದ್ದ. ಮುಖದಲ್ಲಿ ದುಃಖವಿರಲಿಲ್ಲ, ಸಿಟ್ಟೂ ಇರಲಿಲ್ಲ. ಎಲ್ಲ ಕೆಲಸ ಮುಗಿಸಿ ಬಸ್ಸಿಗೆ ಕಾಯುವವನ ಮುಖವಿತ್ತು. ಹೋಗುವುದು ಎಂದು ತೀರ್ಮಾನಿಸಿದವರು ಕೆಲವರು ಹೀಗೆ ಶಾಂತವಾಗುತ್ತಾರೆ, ತಮ್ಮ ಸಾಮಾನುಗಳನ್ನು ಅವರವರಿಗೆ ಒಪ್ಪಿಸುತ್ತಾರೆ, ಮನೆಯವರು ಅದನ್ನು ಚೇತರಿಕೆ ಎಂದುಕೊಂಡು ಮೋಸಹೋಗುತ್ತಾರೆ ಎಂದು ಅವರು ಪ್ರತಿ ವರ್ಷ ಪಾಠ ಮಾಡುತ್ತಿದ್ದರು. ಇವನೂ ಮೊದಲ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಂಡಿದ್ದವನೇ. ಎರಡು ವಾರ ಆ ಚೀಟಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಓದಿ, ಶಪಿಸಿ, ಕಸದ ಬುಟ್ಟಿಗೆ ಹಾಕಿದ್ದರು.

ಅವರು ಪೆನ್ನು ಕೆಳಗಿಟ್ಟರು.

"ಈ ಯೋಚನೆ ಎಷ್ಟು ದಿನದಿಂದ ಇದೆ?"

"ಮೂರು ತಿಂಗಳಾಯ್ತು."

"ಸಾಯ್ಬೇಕು ಅಂತಲೇ ತೀರ್ಮಾನ ಮಾಡಿದೀಯಾ?"

"ಹೂಂ."

"ಯಾವತ್ತು ಅಂತ ಗೊತ್ತು ಮಾಡಿಕೊಂಡಿದೀಯಾ?"

ಅವನು ಮೇಜಿನ ಕಡೆ ನೋಡಿದ. "ಇನ್ನು ನಾಲ್ಕು ಫೈಲಿದೆ."

ಗೋಡೆಯಾಚೆ ಅವರದೇ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಈ ಗೋಡೆಯಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತಿತ್ತು.

"ನನ್ನ ಹತ್ತಿರ ಒಂದು ಮಾತು ಹೇಳ್ಬಾರದಿತ್ತಾ?"

"ಕೇಳಿದ್ದೆ ಮೇಡಂ," ಎಂದ ಅವನು. ದನಿ ಮೊದಲ ಸಲ ಗಡುಸಾಯಿತು. "ಒಂಬತ್ತನೇದಕ್ಕೆ ಏನು ಹಾಕ್ಲಿ ಅಂತ, ಎಲ್ಲರ ಎದುರಿಗೇ ಕೇಳಿದೆ. ಸೊನ್ನೆ ಅಂದ್ರಿ. ಆಮೇಲೆ ಬಿಡ್ಲಿಲ್ಲ ನಾನು, ಬರೆದೂ ಕೊಟ್ಟೆ. ಅದಕ್ಕೆ ನೀವು ಇದನ್ನ ಹಿಡ್ಕೊಂಡು ಬಂದ್ರಿ."

ಡಾಕ್ಟರಮ್ಮನಿಗೆ ಅಳು ಬರಲಿಲ್ಲ. ನಾಚಿಕೆ ಬಂತು, ಅದರ ಹಿಂದೆಯೇ ಹೆದರಿಕೆ ಬಂತು, ಹೆದರಿಕೆಯ ಕೈಕಾಲಿಗೆ ಕೆಲಸ ಗೊತ್ತಿತ್ತು. ಎದ್ದು ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತರು. ಇವತ್ತು ನೀನು ಒಬ್ಬನೇ ಎಲ್ಲಿಗೂ ಹೋಗುವ ಹಾಗಿಲ್ಲ, ಇಲ್ಲೇ ಸೇರಿಸಿಕೊಳ್ಳುತ್ತೇನೆ, ಬೈದರೂ ಬೈಸಿಕೊಳ್ಳುತ್ತೇನೆ ಎಂದರು. ಒಪ್ಪಿಗೆ ಇದೆಯೇ ಎಂದು ಕೇಳಿದರು. ಅವನು ನಾಲ್ಕು ಫೈಲುಗಳನ್ನು ಒಂದರ ಮೇಲೊಂದು ಅಂಚು ಕೂಡಿಸಿಟ್ಟು, ಅಕ್ಕನಿಗೆ ಹೇಳಬೇಕು ಎಂದ. ಅವನ ಅಕ್ಕ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವವಳು, ಇಬ್ಬರದೂ ಒಂದೇ ಮನೆ. ಡಾಕ್ಟರಮ್ಮನೇ ಅವನ ಫೋನಿನಿಂದ ಕರೆ ಮಾಡಿದರು.

ಅಟೆಂಡರ್ ಬಾಗಿಲು ನೂಕಿ, ಕುರ್ಚಿ ತಡೆದದ್ದರಿಂದ ಸಂದಿಯಲ್ಲೇ ಮೂಗು ತೂರಿಸಿ, ಸಾಲು ಗೇಟು ದಾಟಿದೆ, ಜನ ಬಾಯಿಗೆ ಬಂದದ್ದು ಅನ್ನುತ್ತಿದ್ದಾರೆ, ಎರಡು ಕೋಣೆಯೂ ಬಂದ್ ಮಾಡಿಕೊಂಡು ಕೂತರೆ ನಾನೇನು ಸಾಯಲೇ ಎಂದ. ಮಿಕ್ಕ ಐದು ಕೋಣೆಗೆ ಹಂಚು, ಹಿರಿಯ ನರ್ಸನ್ನು ಈಗಲೇ ಕಳಿಸು ಎಂದು ಡಾಕ್ಟರಮ್ಮ ಬಾಗಿಲು ಒತ್ತಿದರು. ಹಂಚಿದಾಗ ಆ ಐವರಲ್ಲಿ ಯಾರು ಏನಂದರು ಎಂಬುದು ಪ್ಲೈವುಡ್ಡಿನ ಮೂಲಕ ಸ್ಪಷ್ಟವಾಗಿ ಕೇಳಿಸಿತು. ಆ ಇಬ್ಬರದೂ ಏನು ಗುಸುಗುಸು, ನಮ್ಮ ತಲೆ ಮೇಲೆ ಚಪ್ಪಡಿ ಎಳೆದು ಎಂದು ಒಬ್ಬರು. ನಿಧಾನಿ ಬಿಳಿ ಗೋಡೆ ನೋಡುತ್ತ ಕೂತಿದ್ದ. ದಿನಾ ಅವನಿಗೆ ಹೀಗೆಯೇ ಕೇಳಿಸುತ್ತಿರಬೇಕು ಎಂದು ಡಾಕ್ಟರಮ್ಮನಿಗೆ ಹೊಳೆಯಿತು. ಅದರಲ್ಲಿ ಬಹುಪಾಲು ತಮ್ಮದೇ ದನಿ.

ಹನ್ನೆರಡಕ್ಕೆ ಸಾಹೇಬರ ಫೋನು ಬಂತು, ಮೂರು ಬಂತೇ ಎಂದು. ಇಲ್ಲ, ಅವನನ್ನು ವಾರ್ಡಿಗೆ ಸೇರಿಸಿಕೊಳ್ಳುತ್ತಿದ್ದೇನೆ ಎಂದರು ಡಾಕ್ಟರಮ್ಮ.

"ನಿಮಗೆ ಬುದ್ಧಿ ನೆಟ್ಟಗಿದೆಯೇನ್ರೀ? ಸೋಮವಾರ ತಂಡ ಬರುತ್ತೆ. ನೆಮ್ಮದಿಯ ವಿಭಾಗ ನೋಡೋಕೆ ಬಂದವರಿಗೆ, ನಮ್ಮ ಡಾಕ್ಟರು ನಮ್ಮ ವಾರ್ಡಲ್ಲೇ ಮಲಗಿದಾನೆ ಅಂತ ತೋರಿಸ್ಲಾ?"

"ತೋರಿಸಬೇಡಿ. ಮಲಗಿರೋರನ್ನ ತೋರಿಸೋ ಹಾಗಿಲ್ಲ."

"ಮನೆಗೆ ಕಳಿಸಿ. ರಜಾ ನಾನು ಮಂಜೂರು ಮಾಡ್ತೀನಿ. ಇಲ್ಲಾಂದ್ರೆ ಆ ಕುರ್ಚಿ ಮರೆತುಬಿಡಿ."

"ಸರ್, ಇವತ್ತು ಮನೆಗೆ ಕಳಿಸಿದ್ರೆ ಸೋಮವಾರಕ್ಕೆ ಇವನು ಇರಲ್ಲ," ಎಂದು ಡಾಕ್ಟರಮ್ಮ ಫೋನು ಇಟ್ಟರು. ಕುರ್ಚಿ ಹೋಯಿತಲ್ಲ ಎಂದು ಅನ್ನಿಸಿದ್ದು ಸುಳ್ಳಲ್ಲ. ಅಂಥ ಹೊತ್ತಿನಲ್ಲೂ ಅನ್ನಿಸಿತು, ಅದಕ್ಕಾಗಿ ತಮ್ಮನ್ನೇ ಇನ್ನಷ್ಟು ಬೈದುಕೊಂಡರು.

ವಾರ್ಡಿನ ಮೂಲೆಯ ಕೋಣೆಯಲ್ಲಿ ಅವನಿಗೆ ಹಾಸಿಗೆಯಾಯಿತು. ಹಿರಿಯ ನರ್ಸು ಪಕ್ಕದಲ್ಲೇ ಕೂತಳು, ನಿಧಾನಿ ಎಂದು ಹೆಸರಿಟ್ಟವಳೇ ಅವಳು. ಕೂತವಳು ಅವನ ಬೆಲ್ಟು, ಷೂ ಲೇಸು, ಜೇಬಿನಲ್ಲಿದ್ದದ್ದನ್ನೆಲ್ಲ ನಿಯಮದ ಪ್ರಕಾರ ಇಸಿದುಕೊಂಡು ಬರೆದಿಟ್ಟಳು. ಅವನು ಒಂದೊಂದನ್ನೂ ತಾನಾಗಿ ತೆಗೆದುಕೊಟ್ಟ, ನಿಯಮ ಅವನಿಗೂ ಗೊತ್ತಿತ್ತು.

ಅಕ್ಕ ಬಂದಾಗ ಮಧ್ಯಾಹ್ನ ಒಂದೂವರೆ. ಬೆರಳಿಗೆ ಸೀಮೆಸುಣ್ಣ ಹಾಗೇ ಇತ್ತು. ತಮ್ಮನ ಹತ್ತಿರ ಹತ್ತು ನಿಮಿಷ ಕೂತು, ಅವನ ಕಾಲು ಒತ್ತಿ, ಆಮೇಲೆ ಡಾಕ್ಟರಮ್ಮನ ಮೇಜಿಗೆ ಬಂದಳು. ಡಾಕ್ಟರಮ್ಮ ಕೇಸ್ ಶೀಟು ಬಿಡಿಸಿಕೊಂಡಿದ್ದರು. ಈ ಆಸ್ಪತ್ರೆಯಲ್ಲಿ ರೋಗಿ ಹೇಳಿದ್ದಷ್ಟೇ ಬರೆದರೆ ಆಗುವುದಿಲ್ಲ. ರೋಗಿಯನ್ನು ದಿನವೂ ನೋಡುವವರು ಒಬ್ಬರು ಹೇಳಬೇಕು. ಊಟ ಯಾವಾಗ ಬಿಟ್ಟ, ಮಾತು ಯಾವಾಗ ಬಿಟ್ಟ, ಮೊದಲ ಸಲ ಬದಲಾವಣೆ ಕಂಡದ್ದು ಯಾವಾಗ ಎಂದು. 'ಮಾಹಿತಿ ನೀಡಿದವರು' ಎಂದು ಅದಕ್ಕೇ ಒಂದು ಭಾಗವಿದೆ. ಡಾಕ್ಟರಮ್ಮ ಅಕ್ಕನನ್ನು ಅದೇ ಪ್ರಶ್ನೆಗಳನ್ನು ಕೇಳಿದರು.

"ನನ್ನ ಕೇಳ್ತೀರಾ?" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಬೆಳಗ್ಗೆ ಏಳಕ್ಕೆ ಹೋದ್ರೆ ರಾತ್ರಿ ಬಂದು ಮಲಗ್ತಾನೆ. ಯಾಕೋ ಅಂದ್ರೆ ಸುಸ್ತು ಕಣೇ ಅಂತಾನೆ. ನಾನು ಲೆಕ್ಕದ ಟೀಚರ್, ಸುಸ್ತು ಅಂದ್ರೆ ಸುಸ್ತು ಅಂದುಕೊಂಡೆ. ನೀವು ಏಳು ಜನ ಮನಸ್ಸಿನ ಡಾಕ್ಟರು ಇದ್ದೀರಂತೆ. ಹನ್ನೆರಡು ಗಂಟೆ ನಿಮ್ಮ ಕಣ್ಣೆದುರಿಗೆ ಇರ್ತಾನೆ. ನಿಮ್ಮ ಹೆಸರೇ ಬರ್ಕೊಳ್ಳಿ."

ಸೆರಗಿಗೆ ಕೈ ಒರೆಸಿಕೊಂಡು ಅವಳು ತಮ್ಮನ ಕೋಣೆಗೆ ವಾಪಸು ಹೋದಳು. ಡಾಕ್ಟರಮ್ಮ ಬರೆಯತೊಡಗಿದರು. ಮಾಹಿತಿ ನೀಡಿದವರು ಎಂಬಲ್ಲಿ ತಮ್ಮ ಹೆಸರು. ರೋಗಿಗೆ ಸಂಬಂಧ ಎಂಬಲ್ಲಿ, ಸಹೋದ್ಯೋಗಿ. ಎಷ್ಟು ಕಾಲದ ಒಡನಾಟ ಎಂಬಲ್ಲಿ, ಎರಡು ವರ್ಷ, ವಾರಕ್ಕೆ ಆರು ದಿನ. ಮೊದಲು ಬದಲಾವಣೆ ಗಮನಿಸಿದ್ದು ಎಂಬಲ್ಲಿ ಅವತ್ತಿನ ತಾರೀಖು. ಅದರ ಕೆಳಗೆ, ಸಾವಿರ ಸಲ ನೋಡದೆ ಗೀಚಿ ಮುಂದೆ ಹೋಗಿದ್ದ ಸಾಲು: 'ಇವರ ಮಾಹಿತಿ ನಂಬಬಹುದೇ? ಹೌದು / ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ.'

ಡಾಕ್ಟರಮ್ಮ 'ಹೌದು' ಎಂಬುದರ ಮೇಲೆ ಗೆರೆ ಎಳೆದು, ಸಹಿ ಮಾಡಿದರು.